ಬಾಣ ಬಿಟ್ಟ ಮೇಲೆ

ನಮ್ಮ ಕಾರ್ಖಾನೆಯ ಹುಡುಗರು ಆತನಿಗೆ ಇಟ್ಟ ಹೆಸರು ‘ಹರಿಣವಾಲೇ ಸಾಹೇಬ್’. ಮರಾಠಿಯಲ್ಲಿ ಹರಿಣ ಅಂದರೆ ಜಿಂಕೆ. 2010ರ ಜನವರಿಯಲ್ಲಿ, ಹೊಸದಾಗಿ ತರಿಸಿದ ಯಂತ್ರವೊಂದನ್ನು ಕೂರಿಸಿ, ಓಡಿಸಿ ತೋರಿಸಿ ಹೋಗಲು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಿಂದ ಬಂದ ಇಂಜಿನಿಯರು. ವಯಸ್ಸು ಐವತ್ತರ ಮೇಲೆ, ಮಾತು ಕಡಿಮೆ. ಬಂದ ಎರಡನೇ ದಿನ ಊಟಕ್ಕೆ ಕೂತಾಗ ನನ್ನನ್ನು ಕೇಳಿದ: “ಇಲ್ಲಿ ಬಿಲ್ಲು ಬಾಣದಿಂದ ಜಿಂಕೆ ಹೊಡೆಯಲು ಲೈಸೆನ್ಸ್ ಎಲ್ಲಿ ಸಿಗುತ್ತದೆ?”

ತುತ್ತು ಎತ್ತಿದ ಕೈ ಹಾಗೇ ನಿಂತಿತು. ಲೈಸೆನ್ಸ್ ಸಿಗುವುದಿಲ್ಲ ಮಾರಾಯ, ಜೈಲು ಸಿಗುತ್ತದೆ ಎಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕತೆ ಹೇಳಿದೆ. ಆತ ತಲೆದೂಗಿ, 1972 ಎಂದು ಎರಡು ಸಲ ಹೇಳಿಕೊಂಡ. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದಲ್ಲೂ ಒಂದು ಕಾನೂನು ಆಯಿತಂತೆ. ಬಂದೂಕು, ತೋಟಾಗಳ ಮೇಲೆ ಮೊದಲೇ ಇದ್ದ ತೆರಿಗೆಯನ್ನು ಬಿಲ್ಲು ಬಾಣಗಳಿಗೂ ಹಚ್ಚಿ, ಆ ಹಣವನ್ನು ಕಾಡುಪ್ರಾಣಿಗಳ ಕೆಲಸಕ್ಕೇ ಕೊಡುವ ಕಾನೂನು. ಒಂದೇ ವರ್ಷ ನಾವು ಬೇಟೆಯನ್ನು ನಿಲ್ಲಿಸಿದೆವು, ಅವರು ಬೇಟೆಗಾರನ ಬಾಣಕ್ಕೆ ಸುಂಕ ಹಾಕಿದರು.

ಊರು ಆಗ ಔರಂಗಾಬಾದ್, 2023ರಿಂದ ಛತ್ರಪತಿ ಸಂಭಾಜಿನಗರ. ವಾಳೂಜ್ ಕೈಗಾರಿಕಾ ವಸಾಹತಿನಲ್ಲಿ ನನ್ನ ಕೆಲಸ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕಡೆಯವನಾದ ನನಗೆ ಇಲ್ಲಿಯ ಕಪ್ಪು ಮಣ್ಣು, ಜೋಳದ ರೊಟ್ಟಿ, ಬಿಸಿಲು ಯಾವುದೂ ಪರಕೀಯ ಅನಿಸಿದ್ದಿಲ್ಲ. ಭಾಷೆ ಒಂದು ಬೇರೆ. ಆದರೆ ಸಂಜೆ ಹೊತ್ತು ಮಾತಿಗೆ ಜನ ಬೇಕಲ್ಲ? ಆ ಎರಡು ತಿಂಗಳು ನನಗೆ ಸಿಕ್ಕವನು ಈ ಸಾಹೇಬ. ನಾನು ಕನ್ನಡ ಬಿಟ್ಟು ಬಂದವನು, ಆತ ಹಿಮ ಬಿಟ್ಟು ಬಂದವನು. ಗೆಸ್ಟ್‌ಹೌಸಿನ ವರಾಂಡದಲ್ಲಿ ಕೂತರೆ ಆತ ಒಂದು ದಪ್ಪ ನೋಟ್‌ಬುಕ್ ತೆಗೆಯುತ್ತಿದ್ದ. ಅದರಲ್ಲಿ ನವೆಂಬರಿನ ಬೇಟೆಯ ಯೋಜನೆ. ಇನ್ನೂ ಹತ್ತು ತಿಂಗಳಿತ್ತು!

ಆರು ಜನ ಗೆಳೆಯರು, ಏಳು ದಿನ. ವಿಸ್ಕಾನ್ಸಿನ್‌ನ ಪಶ್ಚಿಮದಲ್ಲಿ ಮಿಸಿಸಿಪಿ ನದಿಯ ಬದಿಗೆ ಬಫಲೋ ಕೌಂಟಿ ಎಂಬ ಗುಡ್ಡಗಾಡಿದೆ, ಬಿಳಿಬಾಲದ ಜಿಂಕೆಗೆ ಹೆಸರುವಾಸಿ. ಅಲ್ಲಿಯ ಗೈಡ್ ಒಬ್ಬನಿಗೆ ಮುಂಗಡ ಕೊಟ್ಟಾಗಿತ್ತು. ಉಳಿಯುವ ಮನೆ, ಜಮೀನು, ಮರಗಳ ಮೇಲಿನ ಅಟ್ಟಣಿಗೆ ಎಲ್ಲ ಆ ಗೈಡ್‌ನ ಹೊಣೆ. ನಾನು ತಮಾಷೆ ಮಾಡಿದೆ, “ನಮ್ಮಲ್ಲಿ ಮದುವೆಗೂ ಇಷ್ಟು ತಯಾರಿ ಮಾಡುವುದಿಲ್ಲ.” ಆತ ನಗಲಿಲ್ಲ. “ಮದುವೆಯಲ್ಲಿ ತಪ್ಪಾದರೆ ಸರಿಪಡಿಸಬಹುದು” ಎಂದ.

ಮೊದಲು ನನಗೆ ಇದೆಲ್ಲ ಶ್ರೀಮಂತರ ಚಟ ಅನಿಸಿತ್ತು. ನಮ್ಮದು ಮಾಂಸ ತಿನ್ನದ ಮನೆ ಬೇರೆ. ಆದರೆ ಪುಟ ತಿರುವಿದ ಹಾಗೆ ಅದರ ಲೆಕ್ಕಾಚಾರ ಹಿಡಿಸತೊಡಗಿತು. ಈಗಿನ ಬಿಲ್ಲು ನಾವು ಟಿವಿ ರಾಮಾಯಣದಲ್ಲಿ ನೋಡಿದ ಬಿಲ್ಲಲ್ಲ. ಎರಡೂ ತುದಿಗೆ ರಾಟೆಗಳಿರುವ ಕಾಂಪೌಂಡ್ ಬಿಲ್ಲು, 1969ರಲ್ಲಿ ಅಮೆರಿಕದಲ್ಲೇ ಪೇಟೆಂಟ್ ಆದದ್ದು. ಪೂರ್ತಿ ಎಳೆದ ಮೇಲೆ ರಾಟೆ ಭಾರವನ್ನು ಹೊತ್ತುಕೊಳ್ಳುತ್ತದೆ, ಕೈಗೆ ಉಳಿಯುವುದು ಕಾಲು ಭಾಗವೋ ಅದಕ್ಕೂ ಕಡಿಮೆಯೋ. ಅಷ್ಟಿದ್ದೂ ಆತ ಇಪ್ಪತ್ತು ಗಜಕ್ಕಿಂತ ದೂರ ಬಾಣ ಬಿಡುವುದಿಲ್ಲ. ಬಿಲ್ಲಿನ ಸದ್ದು ಬಾಣಕ್ಕಿಂತ ಮೊದಲು ಜಿಂಕೆಯ ಕಿವಿ ಮುಟ್ಟುತ್ತದೆ, ಅದು ಓಡಲು ಮೈ ಕುಗ್ಗಿಸುತ್ತದೆ, ಎದೆಗೆ ಇಟ್ಟ ಗುರಿ ಬೆನ್ನಿಗೆ ಹೋಗುತ್ತದೆ. ಅದಕ್ಕೇ ಹತ್ತಿರ ಬರುವ ತನಕ ಕಾಯಬೇಕು. ನೆಲದಿಂದ ಹದಿನೈದಿಪ್ಪತ್ತು ಅಡಿ ಎತ್ತರದ ಅಟ್ಟದಲ್ಲಿ, ಮೈಗೆ ಪಟ್ಟಿ ಬಿಗಿದುಕೊಂಡು, ಸೂರ್ಯ ಹುಟ್ಟುವ ಮೊದಲೇ ಹತ್ತಿ ಕೂರಬೇಕು. ಗಾಳಿ ಯಾವ ಕಡೆ ಬೀಸಿದರೆ ಯಾರು ಯಾವ ಮರ ಎಂಬುದಕ್ಕೇ ನೋಟ್‌ಬುಕ್ಕಿನಲ್ಲಿ ಮೂರು ಪುಟ. ಮನುಷ್ಯನ ವಾಸನೆ ಜಿಂಕೆಯ ಕಡೆ ಹೋಯಿತೋ, ಆ ದಿನ ಮುಗಿದಂತೆ.

ಅಟ್ಟ ಎಂದಾಗ ನನಗೆ ನೆನಪಾದದ್ದು ಅಣ್ಣ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ, ನಾನು ಹುಟ್ಟಿದ ವರ್ಷ. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತೇವೆ. ಚಿಗರಿಗೆ ಅಭಯಾರಣ್ಯದ ಗಡಿ ಗೊತ್ತಿಲ್ಲ. ರಾತ್ರಿ ಹಿಂಡು ಹಿಂಡಾಗಿ ಹೊಲಕ್ಕೆ ಇಳಿದರೆ ಮೊಳಕೆ ಬಂದ ಜೋಳ, ಶೇಂಗಾ ಬೆಳಗಾಗುವಷ್ಟರಲ್ಲಿ ನೆಲಸಮ. ಅಣ್ಣ ಇವತ್ತಿಗೂ ಮುಂಗಾರಿನಲ್ಲಿ ತಿಂಗಳುಗಟ್ಟಲೆ ಹೊಲದ ಅಟ್ಟದ ಮೇಲೆ ಮಲಗುತ್ತಾನೆ. ಒಬ್ಬ ಅಟ್ಟ ಹತ್ತುವುದು ಜಿಂಕೆ ಬರಲಿ ಎಂದು, ಇನ್ನೊಬ್ಬ ಹತ್ತುವುದು ಬಾರದಿರಲಿ ಎಂದು.

ಸಾಹೇಬನ ಕತೆಯನ್ನು ಫೋನಿನಲ್ಲಿ ಹೇಳಿದೆ. ಅಣ್ಣನಿಗೆ ನಂಬಿಕೆಯೇ ಬರಲಿಲ್ಲ.

“ಅಲ್ಲೋ, ಅಲ್ಲಿ ರೊಕ್ಕ ಕೊಟ್ಟು ಹೊಡೀತಾರ? ಇಲ್ಲಿಗೆ ಬರಾಕ ಹೇಳು, ನಾನs ಊಟ ಹಾಕಿ ಅಟ್ಟ ಕೊಡ್ತೀನಿ.”

1932ರಲ್ಲಿ ನಮ್ಮ ದೇಶದ ಚಿಗರಿಯನ್ನು ಅಮೆರಿಕದ ಟೆಕ್ಸಾಸ್‌ಗೆ ತಂದು ಬಿಟ್ಟರಂತೆ, ಅಲ್ಲಿ ಈಗ ಸಾವಿರಾರು ಇವೆ, ಖಾಸಗಿ ಹುಲ್ಲುಗಾವಲುಗಳಲ್ಲಿ ಹಣ ಕೊಟ್ಟು ಬೇಟೆಯಾಡುತ್ತಾರೆ ಎಂದೂ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಚಿಗರಿಗೆ ಅಮೆರಿಕಾ ವೀಸಾ ಸಿಕ್ಕೈತಿ. ನಿನಗ ಇನ್ನಾ ಸಿಕ್ಕಿಲ್ಲ ನೋಡು.”

ವೀಸಾದ ಮಾತು ಸುಮ್ಮನೆ ಬಂದದ್ದಲ್ಲ. ಅದೇ ನವೆಂಬರಿನಲ್ಲಿ ಆ ಯಂತ್ರದ ತರಬೇತಿಗೆ ನನ್ನನ್ನು ವಿಸ್ಕಾನ್ಸಿನ್‌ಗೆ ಕಳಿಸುವ ಮಾತಿತ್ತು. ಸಾಹೇಬ ಆಗಲೇ ನೋಟ್‌ಬುಕ್ಕಿನಲ್ಲಿ ಏಳನೆಯವನಾಗಿ ನನ್ನ ಹೆಸರು ಬರೆದುಬಿಟ್ಟಿದ್ದ. ಬೇಟೆ ಗೊತ್ತಿಲ್ಲದವನು ತರಗತಿಗೆ ಹೋಗಿ ಪಾಸಾಗದೆ ಅಲ್ಲಿ ಲೈಸೆನ್ಸ್ ಪಡೆಯುವಂತಿಲ್ಲ. ಆದರೆ 2009ರಿಂದ ಹೊಸ ನಿಯಮ ಬಂದಿತ್ತು: ಅನುಭವಿಯೊಬ್ಬ ಕೈಯಳತೆಯಲ್ಲಿ ಕೂತಿದ್ದರೆ ಹೊಸಬನೂ ಬೇಟೆಯಾಡಬಹುದು, ಇಬ್ಬರ ನಡುವೆ ಆಯುಧ ಮಾತ್ರ ಆಗ ಒಂದೇ ಇರಬೇಕಿತ್ತು. ಗುರುಕುಲ ಪದ್ಧತಿ! ಬಿಲ್ಲು ಹಿಡಿಯುತ್ತೀಯೋ ಇಲ್ಲವೋ ಆಮೇಲೆ ನೋಡೋಣ, ಪಕ್ಕದಲ್ಲಿ ಕೂತಿರು ಸಾಕು ಎಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಯಾಕೆ ನವೆಂಬರಿನ ಮೊದಲ ಎರಡು ವಾರವೇ? ಅದು ಬಿಳಿಬಾಲದ ಜಿಂಕೆಯ ಬೆದೆಗಾಲ. ವರ್ಷವಿಡೀ ನೆರಳಿಗೂ ಹೆದರುವ ದೊಡ್ಡ ಕೊಂಬಿನ ಗಂಡು ಆಗ ಹೆಣ್ಣಿನ ಹಿಂದೆ ಹಗಲಲ್ಲೇ ಮೈಮರೆತು ಓಡಾಡುತ್ತದೆ. ಇದನ್ನು ಕೇಳಿದ ಯಾವ ಕನ್ನಡಿಗನಿಗೆ ಪಾಂಡು ನೆನಪಾಗುವುದಿಲ್ಲ ಹೇಳಿ? ಕೂಡಿದ್ದ ಜಿಂಕೆಗಳಿಗೆ ಬಾಣ ಬಿಟ್ಟು, ಜಿಂಕೆಯ ರೂಪದಲ್ಲಿದ್ದ ಋಷಿಯ ಶಾಪ ಹೊತ್ತು, ಕೊನೆಗೆ ಅದೇ ಶಾಪಕ್ಕೆ ಸತ್ತವನು. ಸಾಹೇಬನಿಗೆ ಆ ಕತೆ ಹೇಳಿದೆ. ಗಮನವಿಟ್ಟು ಕೇಳಿದ. ತನ್ನ ಸಮರ್ಥನೆಗೆ ಅಂಕಿ ತಂದ: 1900ರ ಸುಮಾರಿಗೆ ಲಂಗುಲಗಾಮಿಲ್ಲದ ಬೇಟೆಯಿಂದ ಇಡೀ ಅಮೆರಿಕದಲ್ಲಿ ಈ ಜಿಂಕೆ ಐದು ಲಕ್ಷಕ್ಕಿಂತ ಕಡಿಮೆಗೆ ಇಳಿದಿತ್ತು ಎಂದು ಅಂದಾಜು. ಕಾನೂನು, ಋತು, ಲೈಸೆನ್ಸ್ ಬಂದ ಮೇಲೆ ಸುಮಾರು ಮೂರು ಕೋಟಿಗೆ ಏರಿದೆ. ತೋಳ ಇಲ್ಲದ ಕಡೆ ತೋಳದ ಕೆಲಸ ಯಾರಾದರೂ ಮಾಡಲೇಬೇಕು, ಇಲ್ಲದಿದ್ದರೆ ಹಸಿವೆ ಮಾಡುತ್ತದೆ, ಮೋಟಾರು ಕಾರು ಮಾಡುತ್ತದೆ. ಬಿಲ್ಲಿಗೆಂದೇ ಬೇರೆ ಋತು ಮೊದಲು ಆದದ್ದು ತನ್ನ ರಾಜ್ಯದಲ್ಲೇ, 1934ರಲ್ಲಿ ಎಂದು ಹೆಮ್ಮೆಯಿಂದಲೇ ಹೇಳಿದ. ಆಮೇಲೆ ಮೆಲ್ಲಗೆ, “ಆದರೆ ನಿನ್ನ ರಾಜನ ವಿಷಯ ನನಗೂ ಒಮ್ಮೊಮ್ಮೆ ಕಾಡುತ್ತದೆ” ಎಂದ.

ಫೆಬ್ರುವರಿಯಲ್ಲಿ ಯಂತ್ರದ ಒಂದು ಬಿಡಿಭಾಗ ಬರುವುದು ತಡವಾಗಿ ಎರಡು ದಿನ ಬಿಡುವು ಸಿಕ್ಕಿತು. ವೇರೂಳ್‌ಗೆ ಹೋಗೋಣ ಎಂದೆ. ನಾವು ಎಲ್ಲೋರ ಎನ್ನುವುದು ಇಲ್ಲಿಯವರ ಬಾಯಲ್ಲಿ ವೇರೂಳ್. ನಗರದಿಂದ ಮೂವತ್ತು ಕಿಲೋಮೀಟರ್. ಬೆಳಿಗ್ಗೆ ನಾವು ಏಳು ಜನ ಜೀಪು ಹತ್ತಿದ ಮೇಲೆ ಡ್ರೈವರ್ ಹೇಳಿದ, “ಸಾಹೇಬ್, ಆಜ್ ಮಂಗಳವಾರ್. ವೇರೂಳ್ ಬಂದ್.” ಮಂಗಳವಾರ ಅಲ್ಲಿ ರಜೆ ಎಂಬುದು ಆರು ವರ್ಷದಿಂದ ಇದೇ ಊರಲ್ಲಿದ್ದ ನನಗೆ ಮರೆತೇ ಹೋಗಿತ್ತು. ಹತ್ತು ತಿಂಗಳ ಮುಂಚೆ ಗಾಳಿಯ ದಿಕ್ಕು ಬರೆದಿಟ್ಟವನ ಎದುರು ನನ್ನ ಮಾನ ಹೋಯಿತು. ಆತ ಮೊದಲ ಬಾರಿಗೆ ಜೋರಾಗಿ ನಕ್ಕದ್ದು ಆಗಲೇ. ಮರುದಿನ ಹೋದೆವು.

ಕೈಲಾಸನಾಥದ ಎದುರು ನಿಂತ ಕನ್ನಡಿಗನ ಎದೆ ಸ್ವಲ್ಪ ಉಬ್ಬದೆ ಇರುವುದಿಲ್ಲ. ರಾಷ್ಟ್ರಕೂಟ ಒಂದನೇ ಕೃಷ್ಣ, 756ರಿಂದ 773ರ ಸುಮಾರಿಗೆ ಆಳಿದವನು. ಅವನ ವಂಶದವರೇ ಮುಂದೆ ಕಲಬುರಗಿ ಜಿಲ್ಲೆಯ ಮಳಖೇಡದಿಂದ ರಾಜ್ಯವಾಳಿದ್ದು. ನಾನು ಇದನ್ನೆಲ್ಲ ಹೇಳುತ್ತಿದ್ದರೆ ಗೈಡ್‌ಗೆ ಅಸಮಾಧಾನ, ಅವನ ಕೆಲಸ ನಾನು ಮಾಡುತ್ತಿದ್ದೆನಲ್ಲ! ಸಾಹೇಬನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಸಂಗತಿ. ಇಡೀ ದೇವಾಲಯವನ್ನು ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕಡೆಯುತ್ತ ಬಂದಿದ್ದಾರೆ, ಹೆಚ್ಚು ಕಡಿದರೆ ಮತ್ತೆ ಅಂಟಿಸುವ ಹಾಗಿಲ್ಲ ಎಂದು ಗೈಡ್ ಹೇಳಿದಾಗ ಆತ ಗೋಡೆ ಮುಟ್ಟಿ ಸುಮ್ಮನೆ ನಿಂತುಬಿಟ್ಟ. ಯಂತ್ರದವನಲ್ಲವೇ, ವಾಪಸು ಬಾರದ ಏಟಿನ ಬೆಲೆ ಗೊತ್ತು.

ದೇವಾಲಯದ ಉತ್ತರದ ಗೋಡೆಯಲ್ಲಿ ಮಹಾಭಾರತದ ಪಟ್ಟಿಕೆ ಇದೆ. ಸಾಲು ಸಾಲಾಗಿ ಸಣ್ಣ ಸಣ್ಣ ಗೊಂಬೆಗಳು. ಗೈಡ್ ಅರ್ಜುನನ ತಪಸ್ಸು, ಕಿರಾತನ ಜಗಳ ತೋರಿಸಿದ. ನಮ್ಮ ಪಂಪ, ಕುಮಾರವ್ಯಾಸ ಓದಿದವರಿಗೆ ಹೊಸದಲ್ಲ. ಹಂದಿಯ ರೂಪದಲ್ಲಿ ಬಂದ ರಾಕ್ಷಸನಿಗೆ ಅರ್ಜುನನೂ ಬೇಡನ ವೇಷದ ಶಿವನೂ ಒಟ್ಟಿಗೇ ಬಾಣ ಬಿಡುತ್ತಾರೆ. ಹಂದಿ ಬೀಳುತ್ತದೆ. ಯಾರ ಬಾಣಕ್ಕೆ ಬಿತ್ತು? ಜಗಳ ಶುರು. ಸಾಹೇಬನ ಮುಖ ಅರಳಿತು. ಚೀಲದಿಂದ ನೋಟ್‌ಬುಕ್ ತೆಗೆದು ನಾಲ್ಕನೇ ಪುಟ ತೋರಿಸಿದ. ಅಲ್ಲಿ ಬರೆದಿತ್ತು: ಒಬ್ಬೊಬ್ಬರಿಗೆ ಒಂದೊಂದೇ ಚೀಟಿ. ಬಂದೂಕಿನ ಬೇಟೆಯಲ್ಲಿ ಗುಂಪಿನ ಒಬ್ಬನ ಚೀಟಿಗೆ ಇನ್ನೊಬ್ಬ ಹೊಡೆಯಬಹುದು, ಬಿಲ್ಲಿನಲ್ಲಿ ಅದು ಕೂಡದು. ನಿನ್ನ ಬಾಣ, ನಿನ್ನ ಜಿಂಕೆ, ನಿನ್ನ ಹೊಣೆ. “ನಿಮ್ಮ ದೇವರಿಗೂ ಈ ನಿಯಮ ಗೊತ್ತಿದ್ದರೆ ಜಗಳ ಆಗುತ್ತಿರಲಿಲ್ಲ” ಎಂದ.

ಉಳಿದವರು ಮುಂದೆ ಹೋದರು. ನಾವಿಬ್ಬರು ನೆರಳಿಗೆ ಕೂತೆವು. ನಾನು ನೋಟ್‌ಬುಕ್ ತಿರುವುತ್ತ ಕೊನೆಯ ಪುಟಗಳಿಗೆ ಬಂದೆ. ಅಷ್ಟರ ತನಕ ಬಾಣ ಬಿಡುವ ಮುಂಚಿನದನ್ನೇ ಓದಿದ್ದೆ. ಬಾಣ ಬಿಟ್ಟ ನಂತರದ್ದೇ ಅದರಲ್ಲಿ ಹೆಚ್ಚು ಪುಟ ತಿಂದಿತ್ತು. ಬಾಣ ತಾಗಿದ ಕೂಡಲೇ ಮರ ಇಳಿಯಬಾರದು. ರಕ್ತ ನಸುಗೆಂಪು, ನೊರೆನೊರೆ ಇದ್ದರೆ ಶ್ವಾಸಕೋಶ, ಅರ್ಧ ಗಂಟೆ ಕಾಯಬೇಕು. ಕಪ್ಪುಗೆಂಪಾದರೆ ಯಕೃತ್ತು, ಗಂಟೆಗಟ್ಟಲೆ ಕಾಯಬೇಕು. ಬಾಣಕ್ಕೆ ಹಸಿರು ಮೆತ್ತಿದ್ದರೆ ಹೊಟ್ಟೆ, ಅರ್ಧ ದಿನವೇ ಕಾಯಬೇಕು. ಬೆನ್ನು ಹತ್ತಿದರೆ ನೊಂದ ಜಿಂಕೆ ಮೈಲುಗಟ್ಟಲೆ ಓಡುತ್ತದೆ, ಕಾದರೆ ಹತ್ತಿರದಲ್ಲೇ ಮಲಗುತ್ತದೆ. ಪಕ್ಕದ ಜಮೀನಿಗೆ ಹೋದರೆ? ಮಾಲೀಕನ ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ. ಅದಕ್ಕೆ ಸುತ್ತಲಿನ ಐದು ರೈತರ ಫೋನ್ ನಂಬರು, ಮೊದಲೇ ಕೇಳಿಟ್ಟುಕೊಂಡ ಒಪ್ಪಿಗೆ. 2002ರಲ್ಲಿ ವಿಸ್ಕಾನ್ಸಿನ್ ಜಿಂಕೆಗಳಲ್ಲಿ ಮೆದುಳಿಗೆ ತಗಲುವ ರೋಗವೊಂದು ಕಂಡ ಮೇಲೆ ಮಾಂಸ ತಿನ್ನುವ ಮೊದಲು ಪರೀಕ್ಷೆಗೆ ಕಳಿಸುವ ವಿವರ. ಗೈಡ್‌ನ ಒಂದು ಕಟ್ಟುನಿಟ್ಟು: ರಕ್ತ ಬಂದರೆ ಸಾಕು, ಜಿಂಕೆ ಸಿಗಲಿ ಬಿಡಲಿ ನಿನ್ನ ಬೇಟೆ ಮುಗಿಯಿತು. ಸಾಮಾನಿನ ಪಟ್ಟಿಯಲ್ಲಿ ಎರಡು ಹಳೇ ಕಾಲದ ಗ್ಯಾಸ್ ದೀಪ, ನಮ್ಮ ಪೆಟ್ರೋಮ್ಯಾಕ್ಸ್‌ನಂಥವು. ಬ್ಯಾಟರಿ ಇರುವಾಗ ಇದೇಕೆ ಎಂದು ಕೇಳಿದೆ. “ಆ ಬೆಳಕಿನಲ್ಲಿ ಎಲೆಯ ಮೇಲಿನ ರಕ್ತ ಹೊಳೆಯುತ್ತದೆ” ಎಂದ.

ಯಾರಿಗೂ ಹೇಳದ ಮಾತೊಂದು ಅಲ್ಲಿ, ಆ ಕಲ್ಲಿನ ನೆರಳಲ್ಲಿ, ಪರದೇಶಿಯೊಬ್ಬನ ಮುಂದೆ ಹೊರಗೆ ಬಂತು.

1986ರ ಮುಂಗಾರು. ನನಗೆ ಹನ್ನೆರಡು. ಎರಡು ಸಲ ಬಿತ್ತಿದ ಶೇಂಗಾವನ್ನು ಚಿಗರಿ ಎರಡೂ ಸಲ ತಿಂದಿದ್ದವು. ಮೂರನೇ ಸಲಕ್ಕೆ ಬೀಜದ ಸಾಲ. ಅಪ್ಪ ಒಂದು ಸಂಜೆ ಬದುವಿನ ಸಂದಿಯಲ್ಲಿ ತಂತಿಯ ಉರುಲು ಕಟ್ಟಿದ. ಬೆಳಿಗ್ಗೆ ನಾನೂ ಹೋಗಿದ್ದೆ. ತಂತಿ ಹರಿದಿತ್ತು. ಹರಿದ ತುದಿಯಲ್ಲಿ ಚರ್ಮ, ರಕ್ತ. ಹೆಣ್ಣಿನ ಹೆಜ್ಜೆ, ಒಂದು ಕಾಲು ಎಳೆದುಕೊಂಡು ಹೋದ ಗುರುತು, ಹನಿ ಹನಿ ರಕ್ತ ಪಕ್ಕದವರ ಜೋಳದೊಳಗೆ ಹೋಗಿತ್ತು. ಬದುವಿನ ಈಚೆ ಒಂದು ಮರಿ ನಿಂತಿತ್ತು. ನಮ್ಮನ್ನು ನೋಡಿ ಓಡಿತು. ಅಪ್ಪ ನನ್ನ ಕಡೆ ತಿರುಗದೆ, “ಸಾಲಿಗೆ ಹೊತ್ತಾತು, ನಡಿ” ಎಂದ. ನಾಲ್ಕೈದು ದಿನದ ಮೇಲೆ ಹಳ್ಳದ ಆ ಕಡೆ ರಣಹದ್ದುಗಳು ಸುತ್ತುತ್ತಿದ್ದವು. ಆಗ ಅವು ಇನ್ನೂ ಇದ್ದವು. ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. 2004ರಲ್ಲಿ ಅಪ್ಪ ತೀರಿಕೊಂಡಾಗ ಅಂತ್ಯಕ್ರಿಯೆಯ ನಡುವೆಯೂ ನನಗೆ ಆ ತಂತಿಯೇ ಕಣ್ಣಿಗೆ ಬಂದಿತ್ತು. ತಿನ್ನುವವರಲ್ಲ ನಾವು. ತಿನ್ನಲಿಕ್ಕಾದರೂ ಕೊಂದಿದ್ದರೆ ಒಂದು ಲೆಕ್ಕ.

ಸಾಹೇಬ ಕಾನೂನು ಕೇಳಲಿಲ್ಲ, ಪಾಪ ಪುಣ್ಯವನ್ನೂ ಕೇಳಲಿಲ್ಲ. “ಹುಡುಕಿದಿರಾ?” ಎಂದ. ಇಲ್ಲ ಎಂದೆ. ಆತ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡ. ವಾಪಸು ಬರುವಾಗ ಜೀಪಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ, ಎಲ್ಲರಿಗೂ ಹಸಿವೆ.

ನನ್ನ ತರಬೇತಿ ಮುಂದಕ್ಕೆ ಹೋಯಿತು, ಆಮೇಲೆ ಹೋಗಲೇ ಇಲ್ಲ. ನವೆಂಬರ್ ಕೊನೆಗೆ ಆತನ ಈಮೇಲ್ ಬಂತು. ಐದು ದಿನ ಕೂತು ಹದಿನೇಳು ಜಿಂಕೆ ನೋಡಿದನಂತೆ, ಒಂದೂ ಇಪ್ಪತ್ತು ಗಜದೊಳಗೆ ಬರಲಿಲ್ಲ. ಗೆಳೆಯನೊಬ್ಬ ಮೂರನೇ ಸಂಜೆ ಬಾಣ ಬಿಟ್ಟಿದ್ದ. ಹಿಂದಕ್ಕೆ ತಾಗಿತು. ನಿಯಮದಂತೆ ಕಾದರು, ರಾತ್ರಿ ಮಳೆ ಬಂದು ರಕ್ತವೆಲ್ಲ ತೊಳೆದುಹೋಯಿತು. ಆರೂ ಜನ ಮರ ಇಳಿದು ಎರಡು ದಿನ ಮಂಡಿಯೂರಿ ಎಲೆ ಎಲೆ ಹುಡುಕಿದರು. ಸಿಗಲಿಲ್ಲ. ಆ ಗೆಳೆಯ ಬಿಲ್ಲನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ, ಉಳಿದ ದಿನ ಎಲ್ಲರಿಗೂ ಅಡುಗೆ ಮಾಡಿದ. ಅಷ್ಟೆಲ್ಲ ಯೋಜನೆ ಮಾಡಿಯೂ ಹೀಗಾಗುತ್ತದೆ ಎಂದು ಬರೆದಿದ್ದ.

ಅದನ್ನು ಓದಿದ ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿದೆ. ಅವನು ನನಗಿಂತ ಆರು ವರ್ಷ ದೊಡ್ಡವ. ಅಪ್ಪ ಆ ಚಿಗರಿಯನ್ನು ಹಾಗೇ ಬಿಟ್ಟುಬಿಟ್ಟನಲ್ಲ, ನನಗೆ ಅದು ಇವತ್ತಿಗೂ ಹೋಗಿಲ್ಲ ಎಂದೆ.

ಅಣ್ಣ ತಡವಾಗಿ ಉತ್ತರ ಕೊಟ್ಟ. “ಯಾರು ಹೇಳಿದ್ರು ನಿನಗ, ಬಿಟ್ಟ ಅಂತ? ಮೂರು ರಾತ್ರಿ ಹುಡುಕೇವಿ ನಾವು, ನಾನೂ ಅಪ್ಪಾನೂ. ಹಗಲು ಹೋದ್ರ ಮಂದಿಗೆ ಗೊತ್ತಾಗ್ತಿತ್ತು, ಕೇಸ್ ಆಗ್ತಿತ್ತು. ಹಳ್ಳದತನಾ ಹೋಗೇವಿ. ಕಾಲಾಗಿನ ತಂತಿ ಬಿಚ್ಚಿದ್ರ ಬದುಕ್ತಿತ್ತೇನೋ ಅಂತಿದ್ದ. ಸಿಗಲಿಲ್ಲ. ತಮ್ಮಗ ಹೇಳಬ್ಯಾಡ ಅಂದಿದ್ದ. ಆ ವರ್ಷದಿಂದನs ಅಲ್ಲೇನು ಅಟ್ಟ ಕಟ್ಟಿದ್ದು?”

ನಾನು ಹತ್ತನೇ ತರಗತಿ ಮುಗಿಸಿ ಹಾಸ್ಟೆಲಿಗೆ ಹೋದವನು. ಆಮೇಲೆ ಹುಬ್ಬಳ್ಳಿ, ಪುಣೆ, ಇಲ್ಲಿ. ಊರಿನಿಂದ ಕಟ್ಟಿಕೊಂಡು ಬಂದ ಗಂಟಿನಲ್ಲಿ ಆ ಬೆಳಗು ಮಾತ್ರ ಇತ್ತು, ಆ ಮೂರು ರಾತ್ರಿ ಇರಲಿಲ್ಲ. ಇಪ್ಪತ್ನಾಲ್ಕು ವರ್ಷ.

ಏನು ಬೆಳಕು ಹಿಡಿದುಕೊಂಡು ಹೋಗಿದ್ದಿರಿ ಎಂದು ಕೇಳಿದೆ. ಅಣ್ಣನಿಗೆ ಪ್ರಶ್ನೆ ವಿಚಿತ್ರ ಅನಿಸಿರಬೇಕು.

“ಬ್ಯಾಟರಿ ಇತ್ತು ಮನ್ಯಾಗ. ಅಪ್ಪ ಬ್ಯಾಡ ಅಂದ. ಗುಡಿಯಾಗಿನ ಪೆಟ್ರೋಮ್ಯಾಕ್ಸ್ ಇಸ್ಕೊಂಡು ಬಂದಿದ್ದ.”

ಆ ಪೆಟ್ರೋಮ್ಯಾಕ್ಸ್ ನನಗೆ ನೆನಪಿದೆ. ಆ ವಾರವೆಲ್ಲ ನಮ್ಮ ಕಟ್ಟೆಯ ಮೇಲಿತ್ತು. ಯಾರದೋ ಮನೆಯಲ್ಲಿ ಭಜನೆ ಇರಬೇಕು ಅಂದುಕೊಂಡಿದ್ದೆ.